ಗಿಣಿಯ ಕಣ್ಣು ಮೊದಲು

ಗಾಜಿಗೆ ಬರೆಯುವವರು
ಬೆನ್ನಿನಿಂದ ಬರೆಯಬೇಕು.
ಕಾಗದದಲ್ಲಿ ಕಟ್ಟಕಡೆಗೆ ಇಡುವ ಕಣ್ಣಿನ ಬೊಟ್ಟು
ಇಲ್ಲಿ ಮೊದಲು.
ಆಮೇಲೆ ಕಣ್ಣಿನ ಬಿಳಿ, ಕೊಕ್ಕು, ರೆಕ್ಕೆಯ ಗೆರೆ,
ಗೆರೆಯ ಬೆನ್ನಿಗೆ ಹಸಿರು, ಹಸಿರಿನ ಬೆನ್ನಿಗೆ ಎಲೆ,
ಎಲ್ಲ ಮುಗಿದ ಮೇಲೆ
ಆಕಾಶ.

ಹೀಗಂತ ಕಲಿಸಿದವರು ಪ್ಯಾರೇಜಾನ್ ಸಾಬರು,
ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ
ಪಟಗಳಿಗೆ ಕಟ್ಟು ಹಾಕುತ್ತಿದ್ದವರು.
ನಾನು ಅಂಗಡಿಯ ಲೆಕ್ಕ ಬರೆಯಲು ಹೋದವಳು.
"ಅಮ್ಮಾಯಿ, ಕಾಗದ ಕ್ಷಮಿಸುತ್ತೆ, ಗೋಡೆ ಕ್ಷಮಿಸುತ್ತೆ,
ಮೇಲೊಂದು ಕೋಟು ಬಳಿದರೆ ಮುಗೀತು.
ಗಾಜಿನಲ್ಲಿ ಮೊದಲು ಮಾಡಿದ್ದೇ ಕೊನೇವರೆಗೂ ಮುಂದೆ"
ಅಂದು, ಎಲೆಯಡಿಕೆ ಉಗಿಯಲು ಎದ್ದು ಹೋಗುತ್ತಿದ್ದರು.

ಈಗ ಅಂಗಡಿ ನನ್ನದು.
ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ರಿಟೈರಾದ ಹೆಡ್‌ಮಾಸ್ತರಿಗೆ ಉಡುಗೊರೆ.
ಬಾಗಿಲ ಮೇಲಿನ ಗಜಲಕ್ಷ್ಮಿಗಿಂತ
ಸೋಫಾಗೆ ಹೊಂದುವ ನವಿಲು ಬೇಕು ಜನಕ್ಕೆ.
ಮೊಬೈಲಿನಲ್ಲಿ ಸೋಫಾ ತೋರಿಸುತ್ತಾರೆ,
ನವಿಲಿಗೆ ಮರೂನು ಹಚ್ಚುತ್ತೇನೆ.
ನವಿಲು ಏನೂ ಅನ್ನುವುದಿಲ್ಲ.

ಕೆಂಚಾರ್ಲಹಳ್ಳಿಯ ಸುಗುಣ ಬಂದದ್ದು ಮಾಘದಲ್ಲಿ.
ಮದುವೆಗೆ ತನಗೆ ತಾನೇ ಕೊಟ್ಟುಕೊಳ್ಳುವ ಉಡುಗೊರೆಯಂತೆ:
ಎರಡು ಗಿಣಿ, ಸೀಬೆ ಕೊಂಬೆ, ಕೆಳಗೆ ಎರಡು ಹೆಸರು.
ಸುಗುಣ. ಮುನಿರಾಜು.
ಹೆಸರನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು,
ಬಲದಿಂದ ಎಡಕ್ಕೆ. ಉರ್ದು ಬಲ್ಲ ಸಾಬರಿಗೆ ಅದು ಸಲೀಸಿತ್ತು,
ನನಗೆ ಕೊಂಬುಗಳದೇ ಕಾಟ.
"ಇಬ್ಬರಿಗೂ ಎರಡೆರಡು ಕೊಂಬು ಕಣೇ" ಅಂದೆ.
ನಕ್ಕಳು. ಅಡ್ವಾನ್ಸು ಕೊಟ್ಟು ಚಿಲ್ಲರೆ ಮರೆತು ಹೋದಳು.

ಶ್ರಾವಣದಲ್ಲಿ, ಹಳೇ ಸೀರೆಯಲ್ಲಿ ಸುತ್ತಿದ ಗಾಜು
ತಂದು ಮೇಜಿನ ಮೇಲಿಟ್ಟಳು.
ಒಡೆದಿರಲಿಲ್ಲ.
"ಅಕ್ಕಾ, ಒಂದು ಹೆಸರು ತೆಗೀಬೇಕು."
ಯಾವುದು ಅಂತ ಕೇಳಲಿಲ್ಲ, ಏಕೆ ಅಂತಲೂ.
ಅವಳೇ ಅಂದಳು: "ಗೋಡೆ ಅವರದು, ಮೊಳೆ ನಂದು.
ಮೊಳೆ ಕಿತ್ತುಕೊಂಡು ಬಂದೆ."

ಹೇಳಲೇಬೇಕಾಯಿತು:
ಹೆಸರು ಎಲ್ಲಕ್ಕಿಂತ ಮುಂದಿದೆ ತಾಯಿ,
ಅಂದರೆ ನನ್ನ ಕೈಗೆ ಎಲ್ಲಕ್ಕಿಂತ ದೂರ.
ಮೊದಲು ಆಕಾಶ ಕೆರೆಯಬೇಕು.
ಅಷ್ಟೇ ಜಾಗ ಕೆರೆದರೆ ತೇಪೆ ಕಾಣುತ್ತೆ.
"ತೇಪೆ ಬೇಡ," ಅಂದಳು, "ಎಲ್ಲಾ ಕೆರೀರಿ."

ಬ್ಲೇಡು, ಟರ್ಪೆಂಟೈನು, ಹಳೇ ಬನೀನಿನ ಚಿಂದಿ.
ಆಕಾಶ ಸಿಪ್ಪೆಸಿಪ್ಪೆಯಾಗಿ ಎದ್ದಿತು.
ಎಲೆ ಬಂತು, ಸೀಬೆ ಬಂತು,
ಹಸಿರು ಜಿಗುಟಾಗಿ ಉಗುರ ಸಂದಿಗೆ ಹತ್ತಿತು.
ಹೊರಗೆ ಟೊಮ್ಯಾಟೊ ಲಾರಿಯೊಂದು
ಹಿಂದಕ್ಕೆ ಹಿಂದಕ್ಕೆ ಬರುತ್ತಾ ಪೀಂಪೀಂ ಅನ್ನುತ್ತಿತ್ತು.
ಮುನಿರಾಜು ಹೋದ, ಕೊಂಬು ಕೊನೆಗೆ.
ಅವನ ಹಿಂದೆಯೇ ಚಿಂದಿಗೆ ಸುಗುಣಳೂ ಹತ್ತಿದಳು.
ಅವಳು ತಡೆಯಲಿಲ್ಲ.

ಉಳಿದದ್ದು ಒಂದು ಗಿಣಿಯ ಕಣ್ಣಿನ ಬೊಟ್ಟು,
ಸಾಸಿವೆಯಷ್ಟು ಕಪ್ಪು.
ಬ್ಲೇಡು ತಾಗುವಷ್ಟರಲ್ಲಿ ಕೈ ಹಿಡಿದಳು.
"ಅದಿರಲಿ."

ಯಾವ ಗಿಣಿಯದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಗಾಜನ್ನು ಬಾಗಿಲಿಗೆ ಎತ್ತಿ ಹಿಡಿದೆವು, ಆ ಕಡೆ ಅವಳು, ಈ ಕಡೆ ನಾನು.
ಬೇಕರಿ ಕಂಡಿತು, ಲಾರಿ ಕಂಡಿತು,
ದೂರದಲ್ಲಿ ಅಂಬಾಜಿದುರ್ಗದ ಬಂಡೆ;
ಕೈ ಚೂರು ಅಲುಗಿದರೆ
ಬೊಟ್ಟು ಬೆಟ್ಟದಿಂದಿಳಿದು ಬೇಕರಿಯ ಬನ್ನಿನ ಮೇಲೆ ಕೂರುತ್ತಿತ್ತು.
"ಏನು ಬರೀಲಿ?" ಅಂದೆ.
"ಕಣ್ಣಂತೂ ಆಗಿದೆಯಲ್ಲಕ್ಕಾ,
ಯಾರದು ಅಂತ ಮುಂದಿನ ವಾರ ಹೇಳ್ತೀನಿ."

ಇವತ್ತಿಗೆ ಮೂರನೇ ವಾರ.
ಗಾಜು ಮರೂನು ನವಿಲುಗಳ ಪಕ್ಕ ಒರಗಿದೆ.
ಬಂದವರು ನೊಣ ಅಂದುಕೊಂಡು ಕೈ ಬೀಸುತ್ತಾರೆ,
ಹಾರದಿದ್ದರೆ ಸೆರಗಿನಿಂದ ಒರೆಸಿ ನೋಡುತ್ತಾರೆ.
ನಾನು ಸುಮ್ಮನಿರುತ್ತೇನೆ.
ಮುಂದಿನಿಂದ ಒರೆಸಿದರೆ
ಹೋಗುವುದಲ್ಲ ಅದು.